‘ಹಾಕಿಬಿಟ್ಟಿರಾ?’

ಮಂಗಳವಾರ ರಾತ್ರಿಯಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. ‘ಹಾಕಿಬಿಟ್ಟಿರಾ?’ ಯಾವಾಗಲೂ ಮೆತ್ತಗೆ ಮಾತಾಡುವ ಡಾಕ್ಟರಮ್ಮ ಫೋನಿನಲ್ಲಿ ಹೆಚ್ಚುಕಡಿಮೆ ಕೂಗಿಯೇಬಿಟ್ಟರು.

ಬೆಕ್ಕಿನ ಮರಿಗೆ ಐದು ವಾರ, ತಾಯಿ ಇಲ್ಲ. ಹೊಟ್ಟೆಯ ಕೂದಲು ಸರಿಸಿದರೆ ಚಿಗಟಗಳು ಸರಸರ ಓಡುತ್ತಿದ್ದವು. ಬಾಲದ ಬುಡದಲ್ಲಿ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಕಣ. ಒದ್ದೆ ಟಿಶ್ಯೂ ಮೇಲೆ ಉದುರಿಸಿದೆ, ಸುತ್ತ ಕೆಂಪಗೆ ಹರಡಿತು. ಮರಿಯದೇ ರಕ್ತ ಅದು, ಚಿಗಟ ಕುಡಿದು ಹಿಕ್ಕೆ ಹಾಕಿದ್ದು. ಅಂಗೈಯಷ್ಟು ಜೀವದಲ್ಲಿ ರಕ್ತ ಎಷ್ಟಿರುತ್ತದೆ ಹೇಳಿ?

ಪಕ್ಕದ ಮನೆಯವರು ತಮ್ಮ ನಾಯಿಗೆ ಹಾಕುವ ಚಿಗಟದ ಡ್ರಾಪ್ಸ್ ತಂದುಕೊಟ್ಟರು. ‘ಮರಿ ಅಲ್ವಾ, ಒಂದೇ ಹನಿ ಸಾಕು.’ ತುಂಬ ಒಳ್ಳೆಯ ಮನುಷ್ಯ, ಕರೆದರೆ ನಡುರಾತ್ರಿಯಲ್ಲೂ ಬರುವವರು. ಅದಕ್ಕೇ ನಂಬಿದೆ. ಟ್ಯೂಬಿನ ತುದಿ ಕತ್ತರಿಸಿಯೂ ಆಗಿತ್ತು. ಯಾಕೋ ಒಂದು ಮಾತು ಕೇಳಿಬಿಡೋಣ ಅಂತ ಫೋನ್ ಮಾಡಿ ಪೊಟ್ಟಣದ ಮೇಲಿದ್ದುದನ್ನು ಓದಿದೆ: ಪರ್ಮೆಥ್ರಿನ್.

‘ಹಾಕಿಬಿಟ್ಟಿರಾ?’

ಇಲ್ಲ ಎಂದೆ. ಆ ಕಡೆ ಅವರು ಉಸಿರು ಬಿಟ್ಟದ್ದು ಕೇಳಿಸಿತು. ನಾಯಿಗೆ ಒಗ್ಗುವ ಈ ಔಷಧಿಯನ್ನು ಬೆಕ್ಕಿನ ಲಿವರ್ ಸರಿಯಾಗಿ ಕರಗಿಸಲಾರದು, ನಡುಕ ಬರುತ್ತದೆ, ಫಿಟ್ಸ್ ಬರುತ್ತದೆ, ಜೀವವೇ ಹೋಗಬಹುದು ಎಂದರು. ಆಮೇಲೆ ಒಸಡು ನೋಡಲು ಹೇಳಿದರು. ರಕ್ತ ಕಡಿಮೆಯಾಗಿ ಬಿಳಿಚಿಕೊಂಡಿದ್ದರೆ ಈಗಲೇ ಹೊರಟು ಬನ್ನಿ, ಗುಲಾಬಿ ಬಣ್ಣ ಇದ್ದರೆ ಬೆಳಿಗ್ಗೆ ಬಂದರೆ ಸಾಕು. ಪುಣ್ಯಕ್ಕೆ ಗುಲಾಬಿಯೇ ಇತ್ತು.

ಅವರು ಹೇಳಿದಂತೆ ಆ ರಾತ್ರಿ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಒಂದೆರಡು ತೊಟ್ಟು ಅಷ್ಟೇ. ಮೊದಲು ಕುತ್ತಿಗೆ ಸುತ್ತ ನೊರೆ ಹಚ್ಚಬೇಕು, ಇಲ್ಲದಿದ್ದರೆ ಮೈ ಒದ್ದೆಯಾದ ಕೂಡಲೇ ಚಿಗಟಗಳೆಲ್ಲ ಮುಖಕ್ಕೆ ಓಡುತ್ತವೆ. ತಲೆಗೆ ನೀರು ಹಾಕಬಾರದು. ಬೇಗ ಮುಗಿಸಿ ಟವೆಲಿನಲ್ಲಿ ಒತ್ತಿ ಒರೆಸಿ ಎದೆಗೆ ಅವುಚಿಕೊಂಡೆ, ಇಷ್ಟು ಚಿಕ್ಕ ಮರಿಗಳಿಗೆ ತಮ್ಮ ಮೈ ಬಿಸಿ ಉಳಿಸಿಕೊಳ್ಳಲು ಆಗುವುದಿಲ್ಲ. ಆಮೇಲೆ ಸೀರಣಿಗೆ. ಪ್ರತಿ ಸಲ ಬಾಚಿ ಸೋಪು ನೀರಿಗೆ ಅದ್ದಿದೆ. ಮೂವತ್ತೇಳು ಎಣಿಸಿದೆ.

ಬೆಳಿಗ್ಗೆ ತೂಕ 480 ಗ್ರಾಂ. ಚಿಗಟಕ್ಕೆ ಅಂತ ಬೆಕ್ಕುಗಳಿಗೆ ಕೊಡುವ ನೈಟೆನ್‌ಪೈರಾಮ್ ಮಾತ್ರೆಗೂ ಸುಮಾರು 900 ಗ್ರಾಂ ಇರಬೇಕಂತೆ. ಸದ್ಯಕ್ಕೆ ದಿನಾ ಬಾಚುವುದೇ ಔಷಧಿ. ಮರಿಯ ಬಟ್ಟೆಗಳನ್ನೆಲ್ಲ ಬಿಸಿನೀರಲ್ಲಿ ಒಗೆದೆ. ಮೂಲೆಮೂಲೆ ವ್ಯಾಕ್ಯೂಮ್ ಮಾಡುತ್ತಿದ್ದೇನೆ. ಮೊಟ್ಟೆಗಳು ಮೈಯಿಂದ ಜಾರಿ ನೆಲಕ್ಕೆ ಬೀಳುತ್ತವೆ, ಗೂಡು ಕಟ್ಟಿಕೊಂಡ ಹುಳು ತಿಂಗಳುಗಟ್ಟಲೆ ಕಾಯಬಲ್ಲದು.

‘ಒಂದೇ ಹನಿ ಸಾಕು.’ ಕೆಟ್ಟ ಮನಸ್ಸಿನಿಂದ ಹೇಳಿದ್ದಾದರೆ ನಾನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಪ್ರೀತಿಯಿಂದ ಹೇಳಿದ್ದಕ್ಕೆ ಯಾರೂ ಎದುರು ಪ್ರಶ್ನೆ ಕೇಳುವುದಿಲ್ಲ ನೋಡಿ. ಮಕ್ಕಳಿಗೆ, ವಯಸ್ಸಾದವರಿಗೆ ಹೀಗೇ ಎಷ್ಟು ಮಾತ್ರೆ ಕೈಯಿಂದ ಕೈಗೆ ಹೋಗುತ್ತವೆ ಅಲ್ವಾ? ನನಗೆ ಆವತ್ತಿನಿಂದ ನಿದ್ದೆ ಸರಿಯಾಗಿಲ್ಲ.

ನಿನ್ನೆ ಪಕ್ಕದ ಮನೆಯವರಿಗೆ ಹೇಳಿದೆ. ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಸುಮ್ಮನೆ ಕೂತು, ಮರಿಯ ಬೆನ್ನು ಸವರಿ, ‘ಹಾಗಾದರೆ ನಮ್ಮ ನಾಯಿಗೆ ಡ್ರಾಪ್ಸ್ ಹಾಕಿದಾಗ ಇದನ್ನ ಅದರ ಹತ್ತಿರ ಬಿಡಬಾರದು ಅಲ್ವಾ?’ ಅಂದರು. ಬಿಡಬಾರದು ಎಂದೆ. ಸೀರಣಿಗೆ ಅವರ ಕೈಗೆ ಕೊಟ್ಟೆ.