ಭಾಷೆ ಬರದ ಹಾಡಿಗೆ ರಜೆ ಹಾಕುವುದೇಕೆ?

“ಇಡೀ ದಿನ ಚರ್ಚಿನಲ್ಲಿ ಕೂತು ಅದೇನು ಕೇಳ್ತೀರೇ ನೀವಿಬ್ರೂ? ಭಾಷೆ ಬರಲ್ಲ, ತಾಳ ಹಾಕೋಕೂ ಆಗಲ್ಲ.” ಪ್ರತಿ ಆಗಸ್ಟ್ ಕೊನೆಗೆ ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕೇಳುವ ಪ್ರಶ್ನೆ ಇದು. ಇಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿರುವ ಕನ್ನಡದ ಗೆಳೆಯರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಗೌರಿಹಬ್ಬಕ್ಕೆ ಉಳಿಸಿಕೊಳ್ಳಬಹುದಾದ ಒಂದು ರಜೆಯನ್ನು ನಾವು ಉಟ್ರೆಕ್ಟ್ ನಗರದ ಪ್ರಾಚೀನ ಯುರೋಪಿಯನ್ ಸಂಗೀತೋತ್ಸವಕ್ಕೆ ಕೊಡುವುದು ಅವರಿಗೆ ಸೋಜಿಗ.

ಆ ಉತ್ಸವ 1982ರಿಂದ ನಡೆಯುತ್ತಿದೆ. ಸುಮಾರು ಹತ್ತು ದಿನ ಊರಿನ ಹಳೇ ಚರ್ಚುಗಳಲ್ಲೂ ಫ್ರೇಡೆನ್‌ಬುರ್ಖ್‌ನ ಸಭಾಂಗಣದಲ್ಲೂ ಬೆಳಗ್ಗೆಯಿಂದ ರಾತ್ರಿಯವರೆಗೆ ಕಛೇರಿ. ಯಾವ ಕಾಲದ ಸಂಗೀತವೋ ಆ ಕಾಲದ ವಾದ್ಯ, ಆ ಕಾಲದ ಶ್ರುತಿ. ಸುಮಾರು 1600ರಿಂದ 1750ರವರೆಗಿನ ಬರೋಕ್ ಸಂಗೀತಕ್ಕೆ ‘ಎ’ ಎಂಬ ಸ್ವರವನ್ನು ಸಾಮಾನ್ಯವಾಗಿ 415 ಹರ್ಟ್ಸ್‌ಗೆ ಕೂಡಿಸುತ್ತಾರೆ. ಇವತ್ತಿನ ಆರ್ಕೆಸ್ಟ್ರಾಗಳ 440ಕ್ಕಿಂತ ಅದು ನಮ್ಮ ಲೆಕ್ಕದಲ್ಲಿ ಅರ್ಧ ಮನೆ ಕೆಳಗೆ.

ಕಳೆದ ಸಲ ನಮ್ಮ ದಿನ ಶುರುವಾಗಿದ್ದು ಪೀಟರ್ಸ್‌ಕೆರ್ಕ್‌ನಲ್ಲಿ. 1048ರಲ್ಲಿ ಪ್ರತಿಷ್ಠಾಪನೆಯಾದ ಚರ್ಚು. ದಪ್ಪ ಕೆಂಪು ಕಂಬಗಳು, ಬೇಸಿಗೆಯಲ್ಲೂ ತಣ್ಣಗಿನ ನೆಲ. ಐನೂರು ವರ್ಷ ಹಿಂದಿನ ರಚನಕಾರ ಜೋಸ್ಕಿನ್ ದೆಪ್ರೆಯ ಒಂದು ಮಾಸ್, ಅಂದರೆ ಚರ್ಚಿನ ಪೂಜೆಯ ಮಾತುಗಳಿಗೆ ಕೂಡಿಸಿದ ಸಂಗೀತ. ವಾದ್ಯವೇ ಇಲ್ಲ, ಬರೀ ಕಂಠಗಳು. ಮೊದಲ ವರ್ಷ ಇಂಥದ್ದೇ ಕಛೇರಿಯಲ್ಲಿ ನಮ್ಮನೆಯವರು ನನ್ನ ಕಿವಿಯಲ್ಲಿ, “ಇದರಲ್ಲಿ ಯಾರ ಹಾಡು ಕೇಳಬೇಕೇ?” ಎಂದಿದ್ದರು. ಸರಿಯಾದ ಪ್ರಶ್ನೆ. ನಮ್ಮ ಕಛೇರಿಯಲ್ಲಿ ಮುಖ್ಯ ಗಾಯಕರು ಯಾರು, ಪಕ್ಕವಾದ್ಯ ಯಾವುದು ಎಂದು ನೋಡಿದರೇ ಗೊತ್ತು. ಇಲ್ಲಿ ನಾಲ್ಕು ದಾರಿಗಳು ಒಟ್ಟಿಗೆ ನಡೆಯುತ್ತವೆ, ಯಾವುದೂ ಇನ್ನೊಂದರ ಹಿಂಬಾಲಕ ಅಲ್ಲ. ನಾವು ಕಂಡುಕೊಂಡ ಉಪಾಯ ಇಷ್ಟೇ: ಒಂದೇ ಕಂಠವನ್ನು, ಅದರಲ್ಲೂ ಎಲ್ಲಕ್ಕಿಂತ ಕೆಳಗಿನದನ್ನು, ಹಿಡಿದುಕೊಂಡು ಹೋಗುವುದು. ಸ್ವಲ್ಪ ಹೊತ್ತಿಗೆ ಮೇಲಿನ ಕಂಠ ಅದೇ ಸ್ವರಗಳನ್ನು ಎತ್ತಿಕೊಂಡು ಬರುವುದು ತಾನಾಗಿ ಕೇಳಿಸುತ್ತದೆ. ಆ ಕ್ಷಣಕ್ಕೆ ಮೈ ಜುಮ್ಮೆನ್ನುತ್ತದೆ. ಭಾಷೆಯ ತೊಡಕು ದೊಡ್ಡದಲ್ಲ, ಅಮ್ಮ. ಮಾಸ್‌ನ ಮಾತುಗಳು ಎಲ್ಲ ರಚನಕಾರರಿಗೂ ಹೆಚ್ಚುಕಡಿಮೆ ಅವೇ. ಮೊದಲ ಭಾಗದಲ್ಲಂತೂ ‘ಕರುಣಿಸು’ ಎನ್ನುವುದು ಬಿಟ್ಟರೆ ಬೇರೇನೂ ಇಲ್ಲ.

ಮಧ್ಯಾಹ್ನ ಔಡೆಖ್ರಾಖ್ಟ್ ಕಾಲುವೆಯ ಕೆಳಗಟ್ಟೆಯಲ್ಲಿ ಕೂತು ಡಬ್ಬಿಯ ಚಿತ್ರಾನ್ನ ತಿಂದೆವು. ಅಲ್ಲಿಂದ ಡೋಮ್ ಎಂಬ ದೊಡ್ಡ ಚರ್ಚಿನ ಗೋಪುರ ಹತ್ತಿರ. 112 ಮೀಟರ್ ಎತ್ತರದ ಅದು ಚರ್ಚಿನಿಂದ ಬೇರೆಯಾಗಿ ಒಂಟಿ ನಿಂತಿದೆ: 1674ರ ಆಗಸ್ಟ್ 1ರ ಬಿರುಗಾಳಿಗೆ ನಡುವಿನ ಭಾಗ ಕುಸಿದುಬಿತ್ತು, ಈಗ ಅಲ್ಲಿ ಚೌಕವಿದೆ. ಆ ಬಿರುಗಾಳಿಗೂ ಮುಂಚೆ ಈ ಗೋಪುರದ ಗಂಟೆಗಳನ್ನು ನುಡಿಸುತ್ತಿದ್ದವರು ಯಾಕೊಬ್ ಫಾನ್ ಐಕ್, ಹುಟ್ಟು ಕುರುಡರು. ಗಂಟೆಯೊಳಗೆ ಅಡಗಿರುವ ಸ್ವರಗಳನ್ನು ಶಿಳ್ಳೆ ಹಾಕಿ ಎಬ್ಬಿಸಿ ಗುರುತಿಸುತ್ತಿದ್ದರು. ಸಂಜೆ ಯಾನ್ಸ್‌ಕೆರ್ಕ್‌ಹೋಫ್‌ನ ಚರ್ಚಿನಂಗಳದಲ್ಲಿ ಓಡಾಡುವ ಜನರಿಗೆ ಆಗಾಗ ಕೊಳಲು ನುಡಿಸಬೇಕೆಂಬ ಕರಾರಿನ ಮೇಲೆ 1649ರಲ್ಲಿ ಅವರ ಸಂಬಳ ಹೆಚ್ಚಿಸಿದರು. ಜನ ಬಲ್ಲ ಒಂದು ಧಾಟಿಯನ್ನು ಮೊದಲು ಸರಳವಾಗಿ, ಆಮೇಲೆ ಪ್ರತಿ ಸುತ್ತಿಗೂ ಸ್ವರ ತುಂಬಿ ನುಡಿಸುವುದು ಅವರ ಕ್ರಮ. ಸಂಗತಿ ಹಾಕುವುದನ್ನು ಕೇಳಿ ಬೆಳೆದ ಕಿವಿಗೆ ಇದು ಎಷ್ಟು ಹತ್ತಿರ! ಅವರು ನುಡಿಸುತ್ತಿದ್ದ ಅಂಗಳದಲ್ಲಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆವು.

ಸಂಜೆಯದು ವಿಯೋಲಾ ದ ಗಾಂಬಾ. ಕಾಲುಗಳ ನಡುವೆ ಹಿಡಿದು ನುಡಿಸುವ ಕಮಾನಿನ ವಾದ್ಯ. ಮೆಟ್ಟಿಲುಗಳು ನಮ್ಮ ವೀಣೆಯಂತೆ ಮೇಣದಲ್ಲಿ ಕೂತಿಲ್ಲ, ಪ್ರಾಣಿಯ ಕರುಳಿನ ದಾರವನ್ನೇ ಕೊರಳಿಗೆ ಸುತ್ತಿ ಕಟ್ಟಿರುತ್ತಾರೆ. ತಂತಿಗಳೂ ಕರುಳಿನವೇ. ಹೊರಗೆ ಮಳೆ ಬಂದರೆ ಒಳಗೆ ಶ್ರುತಿ ಜಾರುತ್ತದೆ. ಎರಡು ರಚನೆಗಳ ನಡುವೆ ಮತ್ತೆ ಕೂಡಿಸುತ್ತಾರೆ, ಯಾರೂ ಗೊಣಗುವುದಿಲ್ಲ. ಇವರಿಗೆ ಕಛೇರಿಯಷ್ಟೇ ಆ ಶ್ರುತಿ ಕೂಡಿಸುವುದೂ ಇಷ್ಟ.

ಆದರೆ ನಾನು ಹೋಗುವುದಕ್ಕೆ ಇನ್ನೊಂದು ಕಾರಣವಿದೆ. 1502ರಲ್ಲಿ ವೆನಿಸ್‌ನ ಪೆಟ್ರುಚ್ಚಿ ಜೋಸ್ಕಿನ್‌ನ ಮಾಸ್‌ಗಳನ್ನು ಅಚ್ಚು ಹಾಕಿದ. 1484ರಲ್ಲಿ ಹುಟ್ಟಿದರೆನ್ನುವ ನಮ್ಮ ಪುರಂದರದಾಸರು ಆಗ ಹದಿನೆಂಟರ ಹುಡುಗ. ಜೋಸ್ಕಿನ್‌ನ ಸ್ವರಗಳು ಕಾಗದದ ಮೇಲೆ ಉಳಿದವು. ಆದರೂ ಎಷ್ಟು ವೇಗ, ಎಲ್ಲಿ ಅಲಂಕಾರ ಎಂದು ಇಲ್ಲಿನ ಸಂಗೀತಗಾರರು ಇವತ್ತಿಗೂ ಹಸ್ತಪ್ರತಿ ಹರಡಿಕೊಂಡು ಜಗಳವಾಡುತ್ತಾರೆ. ದಾಸರ ಮಾತುಗಳು ಬಾಯಿಂದ ಬಾಯಿಗೆ ಬಂದವು, ಅವರು ಹಾಡಿದ ಧಾಟಿ ಬಹುಪಾಲು ಬರಲಿಲ್ಲ. ನಾವು ಇಂದು ಕೇಳುವ ಎಷ್ಟೋ ದೇವರನಾಮಗಳ ರಾಗ ಆಮೇಲಿನವರು ಕೂಡಿಸಿದ್ದು. ಅವು ಚೆಲುವಾಗಿವೆ, ಅದರಲ್ಲಿ ಅನುಮಾನವಿಲ್ಲ. ಆದರೂ ಈ ಚರ್ಚುಗಳಲ್ಲಿ ಕೂತಾಗೆಲ್ಲ, ‘ಮೊದಲು ಹೇಗಿತ್ತು?’ ಎಂದು ನಾನು ಯಾರನ್ನೂ ಯಾಕೆ ಕೇಳಲಿಲ್ಲ ಎಂಬ ಸಂಕಟ ಎದ್ದುಬರುತ್ತದೆ.

ಮರುದಿನ ಬೆಳಗ್ಗೆ ಅಮ್ಮ ಮಾಮೂಲಿ ಪ್ರಶ್ನೆ ಕೇಳುವ ಮೊದಲೇ ನಾನು ಕೇಳಿದೆ: ಶುಕ್ರವಾರ ನೀನು ಹಾಡುವ ದೇವರನಾಮದ ಧಾಟಿ ನಿನಗೆ ಬಂದದ್ದು ಎಲ್ಲಿಂದ?

“ಇದಾ? ರೇಡಿಯೋ ಕೇಳಿ ಕಲಿತದ್ದು. ನಮ್ಮಜ್ಜಿ ಹಾಡ್ತಿದ್ದದ್ದು ಬೇರೆ ಥರ ಇತ್ತು ಕಣೇ.” ಸ್ವಲ್ಪ ತಡೆದು, ಗಂಟಲು ಸರಿಮಾಡಿಕೊಂಡು ಎರಡು ಸಾಲು ಹಾಡಿದಳು. ನಾನು ಗುರುತಿಸಬಲ್ಲ ಯಾವ ರಾಗಕ್ಕೂ ಅದು ಸಿಕ್ಕಲಿಲ್ಲ. ಇವರು ಅಷ್ಟರಲ್ಲೇ ತಮ್ಮ ಫೋನಿನ ರೆಕಾರ್ಡರ್ ಒತ್ತಿ ನನ್ನ ಪಕ್ಕ ಹಿಡಿದಿದ್ದರು. “ಮುಂದಿನ ಚರಣ ನೆನಪಿಗೆ ಬರ್ತಿಲ್ಲ, ತಾಳು, ನಿಮ್ಮ ದೊಡ್ಡಮ್ಮನಿಗೆ ಗೊತ್ತಿರುತ್ತೆ” ಎಂದು ಅಮ್ಮ ಫೋನಿಟ್ಟಳು.