ಬಾವುಟ ಇಳಿಸದೆ ಬಂದವರು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಿನಿಂದ ‘ಫ್ಲೈಯಿಂಗ್ ಕಲರ್ಸ್‌ನೊಂದಿಗೆ ಪಾಸು’ ಎಂಬ ಅಭಿನಂದನೆಗಳೇ ಎಲ್ಲೆಡೆ. ಈ ‘ಕಲರ್ಸ್’ ಹಡಗಿನ ಬಾವುಟ. ಹಾಯಿಹಡಗುಗಳ ಕಾಲದ ಕದನದಲ್ಲಿ ಬಾವುಟ ಇಳಿಸಿದರೆ ಶರಣಾದಂತೆ. ಇಳಿಸದ ಹಡಗು ಅದನ್ನು ಹಾರಿಸುತ್ತಲೇ ಬಂದರಿಗೆ ಮರಳುತ್ತಿತ್ತು. ದಡದಲ್ಲಿ ಕಾದು ನಿಂತವರಿಗೆ ದೂರದಿಂದಲೇ ಸುದ್ದಿ ತಿಳಿಯುತ್ತಿತ್ತು. ಮೊದಲು ಸೋಲದೆ ಉಳಿದು ಬಂದರೂ ಈ ಮಾತು ಸಲ್ಲುತ್ತಿತ್ತು, ಭರ್ಜರಿ ಗೆಲುವಿನ ಅರ್ಥ ಆಮೇಲಿನದು.

ನನಗೆ ಆ ಹಳೆಯ ಅರ್ಥವೇ ಹೆಚ್ಚು ಇಷ್ಟ. ಕಾರವಾರದ ಬೈತಖೋಲ್ ಬಂದರಿಗೆ ಮರಳುವ ಮೀನುಗಾರಿಕೆ ಬೋಟುಗಳ ಮೇಲೂ ಉಪ್ಪುಗಾಳಿಗೆ ಅಂಚು ಹರಿದ ಬಾವುಟಗಳು ಪಟಪಟಿಸುತ್ತಿರುತ್ತವೆ. ನಮ್ಮ ಕೇರಿಯ ಹುಡುಗಿಯೊಬ್ಬಳು ಮೀನು ಮಾರುವ ತಾಯಿಗೆ ನೆರವಾಗುತ್ತಲೇ ಓದಿ, ಗಣಿತದಲ್ಲಿ ಹೇಗೋ ದಡ ಸೇರಿದ್ದಾಳೆ. ಅವಳಿಗೂ ಇದೇ ಮಾತು ಹೇಳಿ, ಪೇಡೆ ತಿನ್ನಿಸಿ ಬಂದೆ.