‘ಮಿಲಿಟರಿಯಲ್ಲಿದ್ದವರಲ್ವಾ, ಮತ್ತೆಂತ ಈ ಹೊಟ್ಟೆ?’ ಅಂತ ಕೇಳುವವರಿಗೆ

ಉಡುಪಿಯಲ್ಲಿ ನನ್ನ ಗಂಡನ ಬಗ್ಗೆ ನನ್ನ ಹತ್ರ ಇದನ್ನ ಕೇಳದವರೇ ಕಡಿಮೆ. ಬಸ್ಸಲ್ಲಿ ಕೇಳ್ತಾರೆ, ಮೀನು ಮಾರ್ಕೆಟಲ್ಲಿ ಕೇಳ್ತಾರೆ, ವಾಟ್ಸಾಪಲ್ಲಿ ಫೋಟೋ ಹಾಕಿದ್ರೆ ಅದರ ಅಡಿಯಲ್ಲೂ ಕೇಳ್ತಾರೆ. ಇವರ ಹತ್ರ ಕೇಳ್ಲಿಕ್ಕೆ ಧೈರ್ಯ ಇಲ್ಲ, ಅದಕ್ಕೆ ಹೆಂಡತಿ ಹತ್ರ. ಬಾಯಲ್ಲಿ ಹೇಳಿ ಸಾಕಾಯ್ತು, ಹಾಗಾಗಿ ಬರೆದಿಡ್ತಿದ್ದೇನೆ.

ಕೇಳಿದವರೇ ಉತ್ತರವನ್ನೂ ಕೊಡ್ತಾರಲ್ಲ, ‘ಶಿಸ್ತು ಹೋಯ್ತು ನೋಡಿ’ ಅಂತ, ಅಲ್ಲಿ ನನಗೆ ಸಿಟ್ಟು ನೆತ್ತಿಗೇರ್ತದೆ. ಶಿಸ್ತು ಎಲ್ಲಿಗೂ ಹೋಗಿಲ್ಲ ಮಾರಾಯ್ರೆ. ಇವತ್ತಿಗೂ ಇವರು ಮಡಚಿಟ್ಟ ಹೊದಿಕೆ ನೋಡಿ, ಮೂಲೆಗೆ ಮೂಲೆ ಕೂಡಿರ್ತದೆ. ಹೋದದ್ದು ಓಟ. ಸರ್ವಿಸಲ್ಲಿ ಬಿಪಿಇಟಿ ಅಂತ ಟೆಸ್ಟ್ ಉಂಟು, ಬೆನ್ನಿಗೆ ಭಾರ ಕಟ್ಟಿ ರೈಫಲ್ ಹಿಡ್ಕೊಂಡು 5 ಕಿಲೋಮೀಟರ್ ಓಡ್ಬೇಕು, ತೂಕ ಜಾಸ್ತಿಯಾದ್ರೆ ಮೆಡಿಕಲ್ ಕೆಟಗರಿ, ಅಂದ್ರೆ ಆರೋಗ್ಯದ ದರ್ಜೆ, ಇಳೀತದೆ, ಪ್ರಮೋಷನ್‌ಗೂ ಕುತ್ತು, ಹಾಗಾಗಿ ಅಲ್ಲಿ ಎಲ್ಲರ ಕಣ್ಣೂ ತೂಕದ ಮೇಲೆ. ಜವಾನರು ಹೆಚ್ಚಿನವರು ನಲ್ವತ್ತರ ಆಚೀಚೆಗೇ ಪೆನ್ಶನ್ ಬರ್ತಾರೆ, ಮರುದಿನದಿಂದ ನೋಡುವವರಿಲ್ಲ. ಹಸಿವು ಮಾತ್ರ ಹಾಗೇ ಉಂಟು. ಕೆಲಸ ಸಿಕ್ಕಿದ್ದು ಸೆಕ್ಯುರಿಟಿದು, ರಾತ್ರಿಯಿಡೀ ಕುರ್ಚಿ, ಹಗಲು ಅರೆಬರೆ ನಿದ್ದೆ. ಅದರ ಮೇಲೆ ಸವೆದ ಮೊಣಗಂಟು.

ಮೊನ್ನೆ ಮಂಗಳೂರಲ್ಲೊಂದು ಮದುವೆ. ಹೋಳಿಗೆ ಬಡಿಸ್ತಿದ್ದ ನಮ್ಮ ದೊಡ್ಡಪ್ಪನ ಮಗ, ‘ಭಾವನಿಗೆ ಬೇಡ, ಪುನಃ ಬಾರ್ಡರಿಗೆ ಕರೆದ್ರೆ ಟ್ಯಾಂಕಲ್ಲಿ ಹಿಡಿಸ್ಲಿಕ್ಕಿಲ್ಲ’ ಅಂದ. ಇಡೀ ಪಂಕ್ತಿ ನಕ್ಕಿತು, ಇವರೂ ನಕ್ರು, ಆಮೇಲೆ ಅನ್ನ ಬಂದಾಗಲೂ ಎಲೆಗೆ ಕೈ ಅಡ್ಡ ಹಿಡಿದ್ರು. ಹಾಲ್‌ನ ಮೆಟ್ಟಿಲು ಇಳಿಯುವಾಗ ಕಂಬ ಹಿಡ್ಕೊಂಡು ಒಂದೊಂದೇ ಕಾಲು ಇಡ್ತಿದ್ರು, ಅದನ್ನ ನೋಡಿದವರು ಯಾರೂ ಇಲ್ಲ.

ಗಂಟುನೋವು ಹೇಗುಂಟು, ಟ್ರೀಟ್‌ಮೆಂಟ್ ಎಂತ ನಡೀತಿದೆ ಅಂತ ಕೇಳಿ ನೋಡಿ, ಕೂರಿಸಿ ಚಾ ಕೊಟ್ಟು ಹೇಳ್ತೇನೆ. ಒಬ್ಬರು ಡಾಕ್ಟ್ರು ಬಿಪಿ ಮಾತ್ರೆ ಬರೆದು ಚೀಟಿಯ ಕೊನೆಗೆ ‘ತೂಕ ಇಳಿಸಿ’ ಅಂತ ಬರೆದ್ರು, ಹೇಗೆ ಅಂತ ಬರೀಲಿಲ್ಲ. ಇನ್ನೊಬ್ಬರು ಟೇಪ್ ತಗೊಂಡು ಸೊಂಟ ಅಳೆದ್ರು, ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್ ದಾಟಿದ್ರೆ ಅಪಾಯ ಅಂದ್ರು, ಗೊರಕೆ ಕೇಳಿ, ನಿದ್ದೆಯಲ್ಲಿ ಉಸಿರು ಕಟ್ತದಾ ಅಂತ ನೋಡುವ ಟೆಸ್ಟ್ ಬರೆದ್ರು, ತೂಕ ಇಳಿದ ಹಾಗೆ ದೇಹವೇ ಹಸಿವು ಹೆಚ್ಚಿಸಿ ಪುನಃ ಮೇಲೆ ಎಳೀತದೆ, ಇದು ಕಾಯಿಲೆ, ಸೋಮಾರಿತನ ಅಲ್ಲ ಅಂತ ಬಿಡಿಸಿ ಹೇಳಿದ್ರು. ಇವರ ಮುಖ ಆ ದಿನ ಹಗುರಾದದ್ದು ನಾನು ನೋಡಿದ್ದೇನೆ. 5ರಿಂದ 10% ಇಳಿದ್ರೂ ಬಿಪಿ, ಶುಗರ್‌ಗೆ ಉಪಕಾರ ಉಂಟಂತೆ. ಈಗ ಅಜ್ಜರಕಾಡಿನ ಈಜುಕೊಳಕ್ಕೆ ಹೋಗ್ತಾರೆ, ನೀರಲ್ಲಿ ಗಂಟಿಗೆ ಭಾರ ಬೀಳುದಿಲ್ಲ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆಯೂ ಕೇಳ್ತಾರೆ. ಅದರಲ್ಲೊಂದು ಸೆಮಾಗ್ಲುಟೈಡ್, 2021ರಲ್ಲಿ ಬಂದ ಅದರ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ 15% ತೂಕ ಇಳಿದಿತ್ತು, ಆದ್ರೆ ಬಿಟ್ಟ ವರ್ಷದೊಳಗೆ ಇಳಿದದ್ರಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್. ಮಾಂಸಖಂಡವೂ ಕರಗ್ತದೆ, ಹಾಗಾಗಿ ಡಾಕ್ಟ್ರನ್ನ ಬಿಟ್ಟು ಯಾರೂ ಚುಚ್ಚಿಕೊಳ್ಬೇಡಿ.

ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ‘ಮೂವ್’ ಅಂತ ತೂಕ ಇಳಿಸ್ಲಿಕ್ಕೇ ಒಂದು ಕಾರ್ಯಕ್ರಮ ಉಂಟು. ಅದೇ ಆಸ್ಪತ್ರೆಗಳಲ್ಲಿ 2000ರಿಂದ 2011ರೊಳಗೆ ಬೇರಿಯಾಟ್ರಿಕ್, ಅಂದ್ರೆ ತೂಕ ಇಳಿಸ್ಲಿಕ್ಕೆ ಹೊಟ್ಟೆಗೆ ಮಾಡುವ ಆಪರೇಷನ್ ಆದ 2500 ಜನರ ಲೆಕ್ಕ ತೆಗೆದಿದ್ರು, 10 ವರ್ಷದಲ್ಲಿ ತೀರಿಕೊಂಡವರು ಅವರಲ್ಲಿ ಸುಮಾರು 14%, ಅಂಥದ್ದೇ ತೂಕ ಇದ್ದು ಆಪರೇಷನ್ ಆಗದವರಲ್ಲಿ ಸುಮಾರು 24%. ಇಷ್ಟು ದೊಡ್ಡ ವ್ಯತ್ಯಾಸ ಇರುವ ವಿಷಯವನ್ನ ಊಟದ ಪಂಕ್ತಿಯಲ್ಲಿ ತಮಾಷೆ ಮಾಡ್ತೀರಲ್ಲ!

ನಮ್ಮಲ್ಲೂ 2003ರಿಂದ ಇಸಿಎಚ್‌ಎಸ್ ಅಂತ ಮಾಜಿ ಸೈನಿಕರ ಆರೋಗ್ಯ ಯೋಜನೆ ಉಂಟು, ಮಂಗಳೂರಲ್ಲೇ ಪಾಲಿಕ್ಲಿನಿಕ್ ಉಂಟು. ನಿಮ್ಮ ಮನೆಯಲ್ಲಿ ಪೆನ್ಶನ್ ಬಂದವರಿದ್ರೆ ಕಾರ್ಡ್ ಹಿಡ್ಕೊಂಡು ನೀವೂ ಜೊತೆಗೆ ಹೋಗಿ, ಗೊರಕೆ ವಿಷಯ ನೀವೇ ಹೇಳಿ, ಅವರಾಗಿ ಹೇಳುದಿಲ್ಲ.